ಕೋಲಾರಕ್ಕೆ ಡೇಟಾ ಸೆಂಟರ್ ಬೇಕಾ?

ನರಸಾಪುರ ಸೀನ: ಸರ್ವರ್ ಎಲ್ಲಾ ಮುಂಬೈ, ಚೆನ್ನೈನಲ್ಲೇ ಯಾಕಿರಬೇಕು? ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ಕ್ಯಾಮೆರಾ ಒಂದೊಂದು ಪೀಸ್ ನೋಡಿ ಪಾಸಾ ಫೇಲಾ ಹೇಳಬೇಕು. ವಿಡಿಯೊ ಮುಂಬೈಗೆ ಹೋಗಿ ಉತ್ತರ ಬರುವಷ್ಟರಲ್ಲಿ ಪೀಸ್ ಬೆಲ್ಟ್ ದಾಟಿರುತ್ತದೆ. ಇಲ್ಲೇ ಕೊಲೊಕೇಶನ್ ಸೆಂಟರ್ ಬಂದರೆ ಕರೆಂಟ್, ಕೂಲಿಂಗ್, ಕಾವಲು ಅವರದ್ದು. ರ‍್ಯಾಕ್ ಬಾಡಿಗೆಗೆ ಹಿಡಿದು ನಮ್ಮ ಸರ್ವರ್ ಇಟ್ಟರಾಯಿತು. ಡೇಟಾ ಹುಟ್ಟುವ ಜಾಗದ ಹತ್ತಿರವೇ ಲೆಕ್ಕ ಮುಗಿಸೋದು, ಎಡ್ಜ್ ಕಂಪ್ಯೂಟಿಂಗ್ ಅಂದರೆ ಇದೇ.

ಫೈಬರ್ ಮಂಜ: ಮುಂಬೈ ಯಾಕೆ ಗುರು, ಬೆಂಗಳೂರಲ್ಲಿ ಡೇಟಾ ಸೆಂಟರ್ ಇಲ್ವಾ? ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಇಲ್ಲಿಂದ 70 ಕಿ.ಮೀ. ಹೋಗಿ ಬರೋಕೆ 1 ಮಿಲಿಸೆಕೆಂಡೂ ಬೇಡ.

ನರಸಾಪುರ ಸೀನ: ನಡುವೆ ಇರುವ ರೂಟರ್‌ಗಳಲ್ಲಿ ಆಗುವ ತಡವನ್ನು ನಿಮ್ಮ ತಾತ ಲೆಕ್ಕ ಹಾಕುತ್ತಾರಾ?

ಫೈಬರ್ ಮಂಜ: ರೂಟರ್ ಅಂದ್ರಲ್ಲ, ಕೇಳಿ. ಇಂಟರ್‌ನೆಟ್ ಕಂಪನಿಗಳು ಕೋಲಾರದಲ್ಲೇ ಒಂದಕ್ಕೊಂದು ಲೈನ್ ಜೋಡಿಸದಿದ್ದರೆ, ವೇಮಗಲ್‌ಗೆ ಕಳಿಸಿದ ಡೇಟಾನೂ ಬೆಂಗಳೂರು ಸುತ್ತಿಯೇ ಬರುತ್ತದೆ. ಸೆಂಟರ್ ಕಟ್ಟಿ ಏನು ಪ್ರಯೋಜನ?

ಕೆರೆಕೋಡಿ: ಅದಿರಲಿ. ಕೂಲಿಂಗ್‌ಗೆ ನೀರೆಲ್ಲಿಂದ? ಸಾವಿರ ಅಡಿ ಬೋರ್ ಕೊರೆದರೂ ಧೂಳು ಬರುವ ಊರಿದು.

ನರಸಾಪುರ ಸೀನ: ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕಡೆ ಬಿಡುವ ಕೆ.ಸಿ. ವ್ಯಾಲಿ ನೀರಿದೆಯಲ್ಲ ಸ್ವಾಮಿ.

ಕೆರೆಕೋಡಿ: ಅದು ಕೆರೆ ತುಂಬಿಸೋಕೆ ಬಂದ ನೀರು, ನಿಮ್ಮ ಮಿಷನ್ ತಂಪು ಮಾಡೋಕಲ್ಲ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿದ್ದು ಮರೆತಿರಾ? ಹೈಕೋರ್ಟೇ ತಡೆ ಕೊಟ್ಟಿತ್ತು.

ಮಾಲೂರು ಹೆಂಚು: ತಡೆ ಕೊಟ್ಟಿದ್ದು ಹೇಳುತ್ತೀರಿ, ತೆರವಾಗಿದ್ದು ನುಂಗುತ್ತೀರಿ. ಆ ನೀರು ಬಂದ ಮೇಲೆ ನಮ್ಮ ಭಾವನ ಬತ್ತಿದ ಬೋರಲ್ಲಿ ನೀರು ಬಂತು.

ಕೆರೆಕೋಡಿ: ಭಾವ ಕುಡಿಯುತ್ತಾರಾ ಅದನ್ನ?

ಮಾಲೂರು ಹೆಂಚು: ಟೊಮೆಟೊಗೆ ಬಿಡುತ್ತಾರೆ. ಮನೆಯವರ ಸುದ್ದಿಗೆ ಬರಬೇಡಿ!

ಕೆರೆಕೋಡಿ: ಟೊಮೆಟೊ ತಿನ್ನೋರು ನಾವಲ್ವಾ? ಎರಡೇ ಹಂತ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತವೂ ಬೇಕು ಅಂತ ಜನ ಬೀದಿಗಿಳಿದಿದ್ದು ಸುಮ್ನೆನಾ?

ಮಾಲೂರು ಹೆಂಚು: ಬೀದಿಗಿಳಿದವರು ಮಾರ್ಕೆಟ್‌ಗೆ ಹೋಗಿ ಅದೇ ಟೊಮೆಟೊ ತರುತ್ತಾರೆ.

ಫೈಬರ್ ಮಂಜ: ನೀರಿಲ್ಲದೆ ಗಾಳಿಯಲ್ಲೇ ತಂಪು ಮಾಡುವ ಚಿಲ್ಲರ್‌ಗಳಿವೆ. ಕರೆಂಟ್ ಜಾಸ್ತಿ ತಿನ್ನುತ್ತವೆ, ಅಷ್ಟೇ.

ಕೆರೆಕೋಡಿ: ‘ಕರೆಂಟ್ ಜಾಸ್ತಿ’! ನೀವೇ ಒಪ್ಪಿಕೊಂಡಿರಿ. ನಮ್ಮ ಪಂಪ್‌ಸೆಟ್‌ಗೆ ಅರ್ಧರಾತ್ರಿ ತ್ರೀ ಫೇಸ್, ಇವರಿಗೆ 24 ಗಂಟೆ.

ನರಸಾಪುರ ಸೀನ: ಕರೆಂಟ್ ವಿಷಯ ನಮಗೆ ಹೇಳಬೇಡಿ. ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲೇ ಬಂತು, ಬೆಂಗಳೂರಿಗಿಂತ ಮೊದಲು.

ಕೆರೆಕೋಡಿ: ಗಣಿಗೆ ಬಂತು. ಹಳ್ಳಿಗೆ ಬಂತಾ?

ಫೈಬರ್ ಮಂಜ: ಸೀನಣ್ಣ, ಬೆಲ್ಟ್ ಪಕ್ಕದ ಕ್ಯಾಮೆರಾಗೆ ಸರ್ವರ್ ಫ್ಯಾಕ್ಟರಿ ಒಳಗೇ ಇಡಬಹುದು. ಬೇರೆ ಬಿಲ್ಡಿಂಗ್ ಯಾಕೆ? ಇದಕ್ಕೆ ಉತ್ತರ ಕೊಡಿ.

ನರಸಾಪುರ ಸೀನ: ಎಲ್ಲದಕ್ಕೂ ಅಡ್ಡಗಾಲು ಹಾಕೋರಿಗೆ ಉತ್ತರ ಇಲ್ಲ.

ಮಾಲೂರು ಹೆಂಚು: ಭಾವನಿಗೆ ಫೋನ್ ಮಾಡಿದ್ದೆ. ಬೇಕಾದರೆ ಲ್ಯಾಬ್‌ಗೆ ಒಂದು ಬಾಕ್ಸ್ ಟೊಮೆಟೊ ಕಳಿಸುತ್ತಾರಂತೆ. ಟೆಸ್ಟ್ ದುಡ್ಡು ಕೆರೆಕೋಡಿಯವರು ಕೊಡಲಿ.