ಮುಚ್ಚಿಹೋದ ಸೈಟಿನ ಪುಟಗಳನ್ನು ಕ್ರೋಮ್ ಫೈಲ್‌ಗಳಿಂದ ತೆಗೆಯೋದು ಹೇಗೆ?

ಪ್ರಶ್ನೆ | ಬೀದರ್

ನಮ್ಮ ಕಾಕಾ ಬಿದ್ರಿ ಕೆಲಸದವರು. ಅವರು ಹೇಳಿದ್ದನ್ನು ಬರೆದು ಒಂದು ಉಚಿತ ಸೈಟಿನಲ್ಲಿ ಹಾಕಿದ್ದೆ: ಸತು-ತಾಮ್ರದ ಎರಕ, ಬೆಳ್ಳಿ ತಂತಿ ಕೂರಿಸೋದು, ಕೋಟೆ ಮಣ್ಣಿಗೆ ನವಸಾಗರ ಸೇರಿಸಿ ಕಪ್ಪು ಬರಿಸೋದು. ಹೋದ ವಾರ ಸೈಟ್ ಮುಚ್ಚಿಬಿಟ್ಟರು. ವಿಂಡೋಸ್ ಲ್ಯಾಪ್‌ಟಾಪಿನ ಕ್ರೋಮ್ ಹಿಸ್ಟರಿಯಲ್ಲಿ ಲಿಂಕ್ ಇವೆ, ಒತ್ತಿದರೆ ಏನೂ ಬರಲ್ಲ. ಕಾಕಾಗೆ ವಯಸ್ಸಾಗಿದೆ, ಮತ್ತೆ ಎಲ್ಲಾ ಕೇಳಿ ಬರೆಯೋದು ಕಷ್ಟ. ದಾರಿ ಇದೆಯಾ?

ಉತ್ತರ | ಕಲಬುರಗಿ

ಇದೆ ಅಣ್ಣಾ. ಆದರೆ ಆ ಲಿಂಕ್‌ಗಳನ್ನು ಇನ್ನು ಒತ್ತಬೇಡಿ. ಸರ್ವರ್ ಕಳಿಸುವ ‘ಪುಟ ಇಲ್ಲ’ ಅನ್ನೋ ಉತ್ತರವೇ, ಕ್ರೋಮ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರೋ ಹಳೇ ಪ್ರತಿಯ ಜಾಗಕ್ಕೆ ಬಂದು ಕೂರಬಹುದು. ಕ್ರೋಮ್ ಪೂರ್ತಿ ಮುಚ್ಚಿ. ಯೂಸರ್ ಹೆಸರಿನ ಫೋಲ್ಡರ್‌ನಲ್ಲಿ ಆಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡಿಫಾಲ್ಟ್ ಅಂತ ಒಳಗೆ ಹೋಗಿ. ಆಪ್‌ಡೇಟಾ ಕಾಣದಿದ್ದರೆ ‘ಹಿಡನ್ ಐಟಮ್ಸ್’ ಆನ್ ಮಾಡಿ. ಡಿಫಾಲ್ಟ್ ಫೋಲ್ಡರ್ ಇಡೀ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು, ಆ ಕಾಪಿಯಲ್ಲೇ ಕೆಲಸ ಮಾಡಿ.

ಅದರಲ್ಲಿ ಹಿಸ್ಟರಿ ಅನ್ನೋ ಫೈಲ್ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್, ಅಂದರೆ ಮಾಹಿತಿಯನ್ನು ಪಟ್ಟಿಗಳಾಗಿ ಇಡೋ ಫೈಲ್. ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಅನ್ನೋ ಪ್ರೋಗ್ರಾಂನಲ್ಲಿ ತೆರೆದರೆ ಪುಟದ ವಿಳಾಸ, ಶೀರ್ಷಿಕೆ, ನೋಡಿದ ಸಮಯ ಸಿಗುತ್ತೆ. ಬರಹ ಇರಲ್ಲ. ಕ್ರೋಮ್ ಸುಮಾರು 90 ದಿನದ ಹಿಸ್ಟರಿ ಮಾತ್ರ ಇಡುತ್ತೆ, ಹಾಗಾಗಿ ವಿಳಾಸಗಳನ್ನು ಇವತ್ತೇ ಬೇರೆ ಕಡೆ ಬರೆದಿಟ್ಟುಕೊಳ್ಳಿ.

ಬರಹ ಇರೋದು ಕ್ಯಾಶ್ ಫೋಲ್ಡರ್‌ನಲ್ಲಿ, ಅಂದರೆ ನೋಡಿದ ಪುಟಗಳ ಪ್ರತಿಯನ್ನು ಕ್ರೋಮ್ ತಾತ್ಕಾಲಿಕವಾಗಿ ಇಡೋ ಜಾಗದಲ್ಲಿ. ನಿರ್‌ಸಾಫ್ಟ್‌ನವರ ‘ಕ್ರೋಮ್ ಕ್ಯಾಶ್ ವ್ಯೂ’ ಅನ್ನೋ ಪ್ರೋಗ್ರಾಂಗೆ ನಿಮ್ಮ ಕಾಪಿಯ ಕ್ಯಾಶ್ ಫೋಲ್ಡರ್ ತೋರಿಸಿ, ಸೈಟಿನ ಹೆಸರು ಹುಡುಕಿ. ಎಚ್‌ಟಿಎಂಎಲ್ ಫೈಲ್‌ಗಳನ್ನು (ಪುಟದ ಬರಹ ಇರೋ ಫೈಲ್‌ಗಳು) ಮೊದಲು ಉಳಿಸಿಕೊಳ್ಳಿ. ಎಲ್ಲಾ ಪುಟ ಸಿಗುತ್ತೆ ಅಂತ ಹೇಳಲಾರೆ, ಜಾಗ ತುಂಬಿದಂತೆ ಹಳೇದು ಅಳಿಯುತ್ತೆ. ಕ್ಯಾಶ್‌ನಲ್ಲಿ ಸಿಗದ ವಿಳಾಸಗಳನ್ನು ವೇಬ್ಯಾಕ್ ಮೆಷಿನ್‌ನಲ್ಲಿ (ಹಳೇ ವೆಬ್ ಪುಟಗಳ ಪ್ರತಿ ಇಡೋ ಸೈಟ್) ಹಾಕಿ ನೋಡಿ.

ಪ್ರಶ್ನೆ ಕೇಳಿದವರು

ಸರ್, ಎರಕದ ಪುಟ ಕ್ಯಾಶ್‌ನಲ್ಲಿ ಸಿಕ್ಕಿತು! ಆದರೆ ಕನ್ನಡ ಇರಬೇಕಾದ ಕಡೆಯೆಲ್ಲ ವಿಚಿತ್ರ ಗುರುತುಗಳಿವೆ. ಫೈಲ್ ಕೆಟ್ಟಿದೆಯಾ?

ಉತ್ತರ | ಕಲಬುರಗಿ

ಇಂಗ್ಲಿಷ್ ಅಕ್ಷರ, ಅಂಕಿಗಳು ಸರಿಯಾಗಿ ಕಾಣ್ತಿವೆ ಅಲ್ವಾ? ಹಾಗಿದ್ದರೆ ಕೆಟ್ಟಿರಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡೋ ಪದ್ಧತಿಗೆ ಎನ್‌ಕೋಡಿಂಗ್ ಅಂತಾರೆ; ಅದರಲ್ಲಿ ಒಂದಾದ ಯುಟಿಎಫ್-8ರಲ್ಲಿ ‘ಕ’ ಅನ್ನೋ ಒಂದು ಅಕ್ಷರಕ್ಕೆ 3 ಬೈಟ್ ಬೇಕು. ಬೇರೆ ಎನ್‌ಕೋಡಿಂಗ್‌ನಲ್ಲಿ ತೆರೆದರೆ ಆ ಮೂರೂ ಬೇರೆ ಬೇರೆ ಗುರುತಾಗಿ ಕಾಣುತ್ತವೆ. ಈ ಸ್ಥಿತಿಯಲ್ಲಿ ಸೇವ್ ಮಾಡಬೇಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಎನ್‌ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಆರಿಸಿ. ‘ಕನ್ವರ್ಟ್’ ಅಂತ ಇರೋದನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು

ಸರಿಹೋಯ್ತು ಸರ್, ಕನ್ನಡ ಪೂರ್ತಿ ಬಂತು. ಕೋಟೆ ಮಣ್ಣಿನ ಪುಟ ವೇಬ್ಯಾಕ್‌ನಲ್ಲಿ ಸಿಕ್ಕಿತು, ಫೋಟೋ ಮಾತ್ರ ಇಲ್ಲ. ಅವನ್ನು ಕ್ಯಾಶ್‌ನಲ್ಲಿ ಹುಡುಕ್ತಾ ಇದ್ದೇನೆ. ತಂತಿ ಕೂರಿಸೋ ಪುಟ ಎಲ್ಲೂ ಇಲ್ಲ, ಅದನ್ನು ಕಾಕಾನ ಹತ್ತಿರ ಕೂತು ಮತ್ತೆ ಬರೆದುಕೊಳ್ತೇನೆ.