ರಾತ್ರಿ ಗಂಟೆ ಹೊಡೆಯುವ ಗಡಿಯಾರದ ಜೊತೆ ಬದುಕಿದವರು ಹೇಳಿ

ಬಿಜೈಯಿಂದ ಕೇಳುತ್ತಿದ್ದೇನೆ. ಊರಿನ ಮನೆ ಬಿಟ್ಟು ನಮ್ಮ ಫ್ಲ್ಯಾಟಿಗೆ ಬರುವಾಗ ಮಾವ ಕೀ ಕೊಡುವ ಹಳೆ ಗೋಡೆ ಗಡಿಯಾರ ತಂದಿದ್ದಾರೆ. ಅರ್ಧ ಗಂಟೆಗೊಮ್ಮೆ ಹೊಡೆಯುತ್ತದೆ. ರಾತ್ರಿ ಹನ್ನೆರಡಕ್ಕೆ 8 ತಿಂಗಳ ಮಗು ಬೆಚ್ಚಿ ಏಳುತ್ತದೆ. ನಿಲ್ಲಿಸಿ ಅಂತ ಮಾವನ ಹತ್ತಿರ ಹೇಳಲು ಬಾಯಿ ಬರುವುದಿಲ್ಲ. ನೀವೆಲ್ಲ ಏನು ಮಾಡಿದ್ದೀರಿ?

ಉಡುಪಿಯಿಂದ:
ಅಕ್ಕ, ಕೀ ಕೊಡುವ ತೂತು ಎರಡುಂಟಾ ನೋಡಿ. ಸಾಮಾನ್ಯವಾಗಿ ಬಲದ್ದು ಸಮಯಕ್ಕೆ, ಎಡದ್ದು ಗಂಟೆಗೆ. ಎಡದ್ದಕ್ಕೆ ಕೀ ಕೊಡದಿದ್ದರೆ ಗಂಟೆ ಮಾತ್ರ ನಿಲ್ಲುತ್ತದೆ, ಗಡಿಯಾರ ನಡೆಯುತ್ತದೆ. ಆದರೆ ಕೆಲವು ಗಡಿಯಾರ ಹಾಗೆ ಬಿಟ್ಟರೆ ಹನ್ನೆರಡು ದಾಟಿ ಒಂದಕ್ಕೆ ಹೋಗುವಾಗ ಸಿಕ್ಕಿಕೊಳ್ಳುತ್ತದೆ, ಮೊದಲ ದಿನ ಗಮನಿಸಿ.

ನಾವು ಹಾಗೆ ಮಾಡಲಿಲ್ಲ. ನಮ್ಮ ಅಪ್ಪನಿಗೆ ಕೊನೆಗೆ ಕಣ್ಣು ಮಂಜಾಗಿತ್ತು, ರಾತ್ರಿ ಎಚ್ಚರಾದರೆ ಗಂಟೆ ಎಣಿಸಿಯೇ ಹೊತ್ತು ತಿಳಿಯುತ್ತಿದ್ದರು. ಹನ್ನೆರಡೂವರೆಗೆ ಒಂದು ಹೊಡೆತ, ಒಂದಕ್ಕೆ ಒಂದು, ಒಂದೂವರೆಗೂ ಒಂದೇ. ಯಾವ ಒಂದು ಅಂತ ಗೊತ್ತಾಗದೆ ಎರಡು ಹೊಡೆಯುವವರೆಗೆ ಕಾಯುತ್ತಾ ಮಲಗಿರುತ್ತಿದ್ದರು. ಆ ಶಬ್ದ ತೆಗೆದುಬಿಟ್ಟರೆ ಅವರ ರಾತ್ರಿಗೆ ಲೆಕ್ಕವೇ ಇರುತ್ತಿರಲಿಲ್ಲ. ನಿಮ್ಮ ಮಾವನನ್ನೂ ಒಮ್ಮೆ ಕೇಳಿ.

ನಾವು ಮಾಡಿದ್ದು ಇಷ್ಟೆ. ಒಳಗೆ ಸುರುಳಿ ಕಂಬಿಗೆ ಬಡಿಯುವ ಸಣ್ಣ ಸುತ್ತಿಗೆ ಇರುತ್ತದಲ್ಲ, ಅದರ ತುದಿಯ ಚರ್ಮ ಒಣಗಿ ಕಲ್ಲಿನ ಹಾಗೆ ಆಗಿತ್ತು. ಅದನ್ನು ತೆಗೆದು ಮೆತ್ತನೆ ಚರ್ಮದ ತುಂಡು ಅಂಟಿಸಿದೆವು. 'ಠಣ್' ಹೋಗಿ 'ಡೋಂ' ಆಯಿತು. ಸುತ್ತಿಗೆ ಸುಮ್ಮನಿರುವಾಗ ಕಂಬಿಗೆ ತಾಗಿರಬಾರದು, ಕೂದಲೆಳೆಯಷ್ಟಾದರೂ ಜಾಗ ಬೇಕು. ತಾಗಿದರೆ ಕರ್ಕಶವಾಗುತ್ತದೆ.

ಕದ್ರಿಯಿಂದ:
ಗೋಡೆಯನ್ನೂ ನೋಡಿ. ಊರಿನ ಮನೆಯಲ್ಲಿ ದಪ್ಪ ಮುರಕಲ್ಲಿನ ಗೋಡೆ, ಮೇಲೆ ಮರದ ಮುಚ್ಚಿಗೆ, ಗಡಿಯಾರ ಇದ್ದದ್ದು ಚಾವಡಿಯಲ್ಲಿ. ಫ್ಲ್ಯಾಟಿನಲ್ಲಿ ತೆಳು ಗೋಡೆಯ ಆಚೆಯೇ ತೊಟ್ಟಿಲು. ನಾವು ಮಲಗುವ ಕೋಣೆಗೆ ಸೇರಿದ ಗೋಡೆಯಿಂದ ತೆಗೆದು ಊಟದ ಮೇಜಿನ ಹತ್ತಿರದ ಕಂಬಕ್ಕೆ ಹಾಕಿ, ಪೆಟ್ಟಿಗೆಯ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಬಿಲ್ಲೆ ಇಟ್ಟೆವು. ಅರ್ಧ ಕಷ್ಟ ಅಲ್ಲಿಯೇ ಹೋಯಿತು. ಜಾಗ ಬದಲಿಸಿದ ಮೇಲೆ 'ಟಿಕ್ ಟಾಕ್' ಸಮನಾಗಿ ಕೇಳುತ್ತದಾ ನೋಡಿ, ಕುಂಟಿದರೆ ಪೆಟ್ಟಿಗೆ ಓರೆಯಾಗಿದೆ ಅಂತ, ಸ್ವಲ್ಪ ಹೊತ್ತಿನಲ್ಲಿ ನಿಂತುಬಿಡುತ್ತದೆ.

ಮಲ್ಪೆಯಿಂದ:
ದಿನಕ್ಕೆ 180 ಹೊಡೆತ, ಮದುವೆಯಾಗಿ ಬಂದ ಹೊಸತರಲ್ಲಿ ಎಣಿಸಿದ್ದೇನೆ. ಮೂರು ವಾರದಲ್ಲಿ ಕಿವಿಗೆ ಬೀಳುವುದೇ ನಿಂತಿತು. ಈಗ ಕೀ ಮುಗಿದು ಗಂಟೆ ಹೊಡೆಯದಿದ್ದರೆ ಎಚ್ಚರಾಗುತ್ತದೆ. ಮಗುವಿಗೂ ರೂಢಿಯಾದೀತು.

ಸುರತ್ಕಲ್‌ನಿಂದ:
ಸೆಲ್ ಹಾಕುವ ಕೆಲವು ಗಡಿಯಾರ ಕತ್ತಲಾದರೆ ತಾನೇ ಸುಮ್ಮನಾಗುತ್ತದೆ. ಆದರೆ ನಿಮ್ಮ ಮಾವನಿಗೆ ಅದು ಬೇಕಾಗಲಿಕ್ಕಿಲ್ಲ. ಇನ್ನೊಂದು, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ ಅಂತ ದಯವಿಟ್ಟು ಅದಕ್ಕೆ ತೆಂಗಿನೆಣ್ಣೆ ಬಿಡಬೇಡಿ. ಜಿಡ್ಡುಗಟ್ಟಿ ಚಕ್ರಗಳೇ ಕಚ್ಚಿಕೊಳ್ಳುತ್ತವೆ. ಗಡಿಯಾರದ ಎಣ್ಣೆ ಬೇರೆಯೇ ಉಂಟು.

ಬಿಜೈಯಿಂದ ಮತ್ತೆ:
ಎಲ್ಲರಿಗೂ ತುಂಬಾ ಉಪಕಾರ. ಕೇಳಿದೆ, ಮಾವ ಕೂಡ ರಾತ್ರಿ ಎಣಿಸುತ್ತಾರಂತೆ! ಅವರೇ ಬಾಗಿಲು ತೆಗೆದು ಸುತ್ತಿಗೆ ತೋರಿಸಿದರು, ಚರ್ಮ ಮುಟ್ಟಿದರೆ ಮರದ ಹಾಗೆ. ಹಳೆ ಚಪ್ಪಲಿಯ ಚರ್ಮ ಆಗುತ್ತದಾ?

ಉಡುಪಿಯಿಂದ:
ಚಪ್ಪಲಿಯದ್ದು ಗಟ್ಟಿ. ಹಳೆ ಪರ್ಸಿನದ್ದು ಕತ್ತರಿಸಿ, ಒರಟು ಬದಿ ಹೊರಗೆ ಬರಲಿ.