ಫಾರಿನ್ ಪಾರ್ಟಿಗಳ ಇ-ಮೇಲ್‌ನಲ್ಲಿ ಬರುವ ಅಡ್ಡ ಇಂಗ್ಲಿಷ್: ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಮಾಚೇನಹಳ್ಳಿ ಡಿಸ್‌ಪ್ಯಾಚ್: ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಡಿಸ್‌ಪ್ಯಾಚ್ ನೋಡಿಕೊಳ್ಳುತ್ತೇನೆ. ಅಮೆರಿಕದ ಪಾರ್ಟಿಯಿಂದ ನಿನ್ನೆ ರಾತ್ರಿ ಮೇಲ್ ಬಂತು: "ವಿ ಆರ್ ಗುಡ್ ಆನ್ ದ ಸೆಕೆಂಡ್ ಲಾಟ್ ಫಾರ್ ನೌ. ಲೆಟ್ಸ್ ಟೇಬಲ್ ದ ಪ್ರೈಸ್. ವಿಲ್ ಸರ್ಕಲ್ ಬ್ಯಾಕ್." ಮಾಲೀಕರು "ಗುಡ್ ಅಂದಿದ್ದಾರಲ್ಲ, ಎರಕ ಹೊಯ್ಯಿರಿ" ಅನ್ನುತ್ತಾರೆ. ನನಗೆ ಯಾಕೋ ಬೇಡ ಅಂದ ಹಾಗೆ ಕಾಣಿಸುತ್ತಿದೆ. ವಾಪಸ್ ಕೇಳಿದರೆ ಇಂಗ್ಲಿಷ್ ಬಾರದವರು ಅಂದುಕೊಳ್ಳುತ್ತಾರೆ ಅಂತ ಅವರಿಗೆ ಅಳುಕು. ಅನುಭವ ಇದ್ದವರು ಹೇಳಿ.

ಸಾಗರದ ಕಾಳುಮೆಣಸು: ನನ್ನ ಕಥೆ ಕೇಳಿ. ಇಂಗ್ಲೆಂಡಿನ ಒಬ್ಬ ಮಸಾಲೆ ಅಂಗಡಿಯವನಿಗೆ ಸ್ಯಾಂಪಲ್ ಕಳಿಸಿದ್ದೆ. ಒಳ್ಳೆ ಮಾಲು, ಲೀಟರಿಗೆ 550 ಗ್ರಾಂ ತೂಗುವ ಕಾಳು, ತೇವ ಕೂಡ ಸರಿ ಇತ್ತು. ಅವನು ಬರೆದ: "ಕ್ವೈಟ್ ಗುಡ್. ವಿಲ್ ಬೇರ್ ಇಟ್ ಇನ್ ಮೈಂಡ್." ಇದಕ್ಕಿಂತ ಚೆನ್ನಾಗಿ ಯಾರಾದರೂ ಹೊಗಳುತ್ತಾರಾ ಹೇಳಿ? 8 ಕ್ವಿಂಟಾಲ್ ಒಟ್ಟು ಮಾಡಿದೆ, ಕೆಜಿಗೆ 620ರಂತೆ. ಕ್ಲೀನಿಂಗು ಕೆಜಿಗೆ 9, ಅಲ್ಲಿಗೆ 7,200. ಸ್ಯಾಂಪಲ್ ಕೊರಿಯರ್ 4,850. ಆಮೇಲೆ ಮೇಲ್ ಮೇಲೆ ಮೇಲ್ ಹಾಕಿದರೂ ಉತ್ತರ ಇಲ್ಲ. ಕೊನೆಗೆ ಸಿದ್ದಾಪುರದ ವ್ಯಾಪಾರಿಗೆ 585ಕ್ಕೆ ಕೊಟ್ಟೆ. ಅದರಲ್ಲೇ 28,000 ಹೋಯಿತು. ಸೊಸೈಟಿ ಬಡ್ಡಿ, ಗೋಣಿಚೀಲ ಬಿಟ್ಟೇ 40,050. ಬ್ರಿಟಿಷರ ಬಾಯಲ್ಲಿ ಕ್ವೈಟ್ ಗುಡ್ ಅಂದರೆ 'ಪರವಾಗಿಲ್ಲ' ಅಂತಷ್ಟೇ ಅಂತೆ. ಇನ್ ಮೈಂಡ್ ಅಂದರೆ ಮರೆತುಬಿಡು ಅಂತ. ಬೇಡ ಅಂದರೆ ಬೇಡ ಅಂತ ಬರೆಯೋಕೆ ಅವರಿಗೇನು ಕೈ ನೋವಾ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು: ಸಾಗರದವರೆ, ಅವರು ಬೇಡ ಅಂತಲೇ ಬರೆದಿದ್ದಾರೆ. ಓದುವ ಕ್ರಮ ಗೊತ್ತಿರಬೇಕು. ಟೇಬಲ್ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ ಅದು ಈಗಲೇ ಚರ್ಚೆಗೆ ತೆಗೆದುಕೊಳ್ಳೋಣ ಅಂತ. ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಅಂತ. ಸರ್ಕಲ್ ಬ್ಯಾಕ್ ಅಂದರೆ ಆಮೇಲೆ ಮತ್ತೆ ಮಾತಾಡೋಣ ಅಂತ. ಎರಡನೇ ಮಹಾಯುದ್ಧದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಇದೇ ಒಂದು ಮಾತಿಗೆ ಉದ್ದಕ್ಕೂ ವಾದ ಮಾಡಿದ್ದನ್ನು ಚರ್ಚಿಲ್ ಅವರೇ ಬರೆದಿದ್ದಾರೆ. ಇಬ್ಬರಿಗೂ ಬೇಕಿದ್ದದ್ದು ಒಂದೇ! ಇನ್ನು ನಮ್ಮವರು ಏನು ಕಡಿಮೆ? 'ಡೂ ದ ನೀಡ್‌ಫುಲ್', 'ಪ್ರೀಪೋನ್' ಅಂತ ಬರೆಯುತ್ತೇವೆ. ಉತ್ತರ ಕೊಡಿ ಅನ್ನುವುದಕ್ಕೆ 'ರಿವರ್ಟ್' ಅನ್ನುತ್ತೇವೆ. ರೇಟನ್ನು ಲಕ್ಷದಲ್ಲಿ ಹೇಳುತ್ತೇವೆ. ಅವರೂ ಆ ಕಡೆ ಕೂತು ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ಸಾಗರದ ಕಾಳುಮೆಣಸು: ಮೇಷ್ಟ್ರೆ, ಪಾಠ ಸಾಕು. ಪೆನ್ಷನ್ ಬರುವವರಿಗೆ 40,050 ಅಂದರೆ ಏನು ಅಂತ ಗೊತ್ತಾಗಲ್ಲ.

ಆಗುಂಬೆ ಹೋಂಸ್ಟೇ ಅಕ್ಕ: ಎಂತ ಮಾರಾಯ್ರೆ, ಮೆಣಸಾದರೆ ಇನ್ನೊಬ್ಬರಿಗೆ ಮಾರಬಹುದು. ಖಾಲಿ ಹೋದ ರೂಮು ಯಾರಿಗೆ ಮಾರುವುದು? ದಸರಾ ರಜೆ. ಹೊರದೇಶದ ಟ್ರಾವೆಲ್ ಏಜೆಂಟ್ ಬರೆದ, "ಪೆನ್ಸಿಲ್ ಅಸ್ ಇನ್ ಫಾರ್ ಫೋರ್ ರೂಮ್ಸ್." ಪುಸ್ತಕದಲ್ಲಿ ಅವನ ಹೆಸರು ಹಾಕಿ ನಾಲ್ಕೂ ರೂಮು ಹಿಡಿದಿಟ್ಟೆ. ಬೆಂಗಳೂರಿನ ಒಂದು ದೊಡ್ಡ ಕುಟುಂಬ ಕೈಯಲ್ಲಿ ದುಡ್ಡು ಹಿಡಿದು ಕೇಳಿದರೂ ಇಲ್ಲ ಅಂದೆ. ಮೂರು ರಾತ್ರಿ, ರೂಮಿಗೆ 3,200. ಒಟ್ಟು 38,400. ಅಡುಗೆಯವಳಿಗೆ ಕೊಟ್ಟ 2,000 ಅಡ್ವಾನ್ಸ್ ಬೇರೆ. ಹಿಂದಿನ ದಿನ ಅವನ ಮೇಲ್: ನಾವು ಕನ್‌ಫರ್ಮ್ ಮಾಡಿರಲಿಲ್ಲವಲ್ಲ! ಪೆನ್ಸಿಲ್ಲಲ್ಲಿ ಬರೆದದ್ದು ಅಳಿಸಬಹುದು ಅಂತ ಲೆಕ್ಕವಂತೆ. ಈಗ ಅರ್ಧ ದುಡ್ಡು ಬರುವ ತನಕ ಯಾರ ಹೆಸರನ್ನೂ ಬರೆಯುವುದಿಲ್ಲ, ಪೆನ್ಸಿಲ್ಲಲ್ಲೂ ಇಲ್ಲ, ಪೆನ್ನಲ್ಲೂ ಇಲ್ಲ. ಏಜೆಂಟರು ಕೆಲವರು ಬಿಟ್ಟು ಹೋದರು. ಹೋಗಲಿ.

ರಾತ್ರಿ ಪಾಳಿ ಶಿವಮೊಗ್ಗ: ಐಟಿ ಸಪೋರ್ಟ್‌ನಲ್ಲಿದ್ದೇನೆ, ಮನೆಯಿಂದಲೇ ಕೆಲಸ. ನನ್ನ ಪದ್ಧತಿ ಒಂದೇ. ಏನು ಅರ್ಥವಾಯಿತೋ ಅದನ್ನು ಅಂಕಿ, ತಾರೀಖು ಹಾಕಿ ವಾಪಸ್ ಬರೆಯುವುದು. "ಇಷ್ಟು ಪೀಸು, ಈ ದಿನ, ಈ ರೇಟು. ಸರಿಯಾ, ಇಲ್ಲವಾ?" ಅಷ್ಟೇ. 'ವಾಟ್ ಡೂ ಯು ಮೀನ್' ಅಂತ ಮಾತ್ರ ಕೇಳಬೇಡಿ, ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. ತಾರೀಖಿನಲ್ಲಿ ತಿಂಗಳ ಹೆಸರು ಬರೆಯಿರಿ. 5/6 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಇನ್ನೊಂದು, ಇಒಡಿ ಅಂದರೆ ದಿನದ ಕೊನೆ. ಆದರೆ ಯಾರ ದಿನ? ನ್ಯೂಯಾರ್ಕಿನ ಸಂಜೆ 5 ಅಂದರೆ ಬೇಸಿಗೆಯಲ್ಲಿ ನಮಗೆ ಮಾರನೇ ದಿನ ಬೆಳಗಿನ ಜಾವ 2:30. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿಕೊಂಡರೆ 3:30. ನಮ್ಮ ಮ್ಯಾನೇಜರ್ ಇದೇ ಗಲಾಟೆಯಲ್ಲಿ ನನ್ನ ಇನ್ಸೆಂಟಿವ್ 6,500 ಹಿಡಿದರು. ಅದರ ಮೇಲೆ ಮಳೆಗಾಲ. ಇಡೀ ಬೀದಿಗೆ ಕರೆಂಟ್ ಇಲ್ಲ, ಇನ್ವರ್ಟರ್ ಬ್ಯಾಟರಿಗೇ 14,000 ಸುರಿದಿದ್ದೇನೆ.

ತೀರ್ಥಹಳ್ಳಿ ಹುಡುಗ: ಇಷ್ಟೆಲ್ಲ ಯಾಕೆ? ಚಾಟ್‌ಜಿಪಿಟಿಗೆ ಹಾಕಿ, ಕನ್ನಡದಲ್ಲೇ ಹೇಳುತ್ತದೆ.

ಆಗುಂಬೆ ಹೋಂಸ್ಟೇ ಅಕ್ಕ: ನೋಡಿದ್ದೇನೆ ತಮ್ಮ. "ಔಟ್ ಆಫ್ ಪಾಕೆಟ್ ಟಿಲ್ ಮಂಡೇ" ಅಂತ ಬಂದಿತ್ತು. ಕೇಳಿದರೆ, ಕೈಯಿಂದ ಖರ್ಚು ಮಾಡಿದ್ದು ಅಂತಲೂ ಆಗುತ್ತದೆ, ಅಮೆರಿಕದಲ್ಲಿ ಸಿಗುವುದಿಲ್ಲ ಅಂತಲೂ ಆಗುತ್ತದೆ ಅಂತು. ಎರಡೂ ಹೇಳಿದರೆ ನಾನು ಯಾವುದನ್ನು ಹಿಡಿಯಲಿ? ಬರೆದವನ ಮನಸ್ಸು ಬರೆದವನಿಗೇ ಗೊತ್ತು. ಅವನನ್ನೇ ಕೇಳಿದೆ. ಸೋಮವಾರದ ತನಕ ಊರಲ್ಲಿರಲ್ಲ ಅಂತ ಅಷ್ಟೇ.

ತೀರ್ಥಹಳ್ಳಿ ಹುಡುಗ: ಹಿಂದಿನ ಮೇಲುಗಳನ್ನೂ ಸೇರಿಸಿ ಹಾಕಬೇಕು ಅಕ್ಕ. ಒಂದು ಸಾಲು ಹಾಕಿ ಬೈದರೆ ಆಗುತ್ತಾ?

ರಾತ್ರಿ ಪಾಳಿ ಶಿವಮೊಗ್ಗ: ಕಂಪನಿ ರೇಟು, ಡ್ರಾಯಿಂಗು ಎಲ್ಲ ಹೊರಗಿನ ಆ್ಯಪಿಗೆ ಹಾಕುವುದಾ? ಕೆಲಸ ಹೋಗುತ್ತದೆ. ಗೊತ್ತಿಲ್ಲದೆ ಹುಡುಗರಿಗೆ ಹೇಳಿಕೊಡಬೇಡಿ.

ತೀರ್ಥಹಳ್ಳಿ ಹುಡುಗ: ಹೆಸರು, ರೇಟು ಅಳಿಸಿ ಹಾಕಿ ಅಂದೆ. ಹಾಗೆ ಹಾಕಬಾರದು ಅಂತ ನನಗೂ ಗೊತ್ತು. ಇನ್ಸೆಂಟಿವ್ ಹೋಗಿದ್ದು ನಿಮ್ಮದು, ನನ್ನದಲ್ಲ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು: 'ಅಳಿಸಿ ಹಾಕಿ' ಅಂತ ನಿಮ್ಮ ಮೊದಲ ಮಾತಿನಲ್ಲಿ ಎಲ್ಲಿದೆ? ನಾನು ಮೇಲೆ ಹೋಗಿ ನೋಡಿದೆ. ಇಲ್ಲ.

ಸಾಗರದ ಕಾಳುಮೆಣಸು: ಕನ್ನಡದ ಬರಹಕ್ಕೂ ಮಾರ್ಕು ಹಾಕುತ್ತೀರಲ್ಲ ಮೇಷ್ಟ್ರೆ!

ಹೊಸನಗರ ಲಾರಿ: ಇಂಗ್ಲಿಷ್ ಬಿಡಿ. ಮಾಚೇನಹಳ್ಳಿಯವರೆ, ಮಂಗಳೂರು ಬಂದರಿಗೆ ಮಾಲು ಯಾವ ದಾರಿಯಲ್ಲಿ ಹೋಗುತ್ತದೆ? ಮಳೆಗಾಲದಲ್ಲಿ ಆಗುಂಬೆಯಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ. ಪಾರ್ಟಿಯವರು 'ಎಎಸ್‌ಎಪಿ', ಅಂದರೆ ಆದಷ್ಟು ಬೇಗ, ಅಂತ ಬರೆದುಬಿಡುತ್ತಾರೆ, ಘಾಟಿಯಲ್ಲಿ ಮಣ್ಣು ಕುಸಿದರೆ ಯಾರ ಎಎಸ್‌ಎಪಿ? ಸುತ್ತು ಹಾಕಿದ ಡೀಸೆಲ್ಲಿಗೇ 3,700 ಜಾಸ್ತಿ ಬಿತ್ತು. ಕೊಡಲ್ಲ ಅಂದರು.

ಆಗುಂಬೆ ಹೋಂಸ್ಟೇ ಅಕ್ಕ: ನಿಮ್ಮ ಲಾರಿಗಳಿಂದಲೇ ನಮ್ಮ ರಸ್ತೆ ಈ ಗತಿಯಾಗಿದ್ದು.

ಹೊಸನಗರ ಲಾರಿ: ನಿಮ್ಮಲ್ಲಿಗೆ ಬರುವ ಕಾರುಗಳು ಗಾಳಿಯಲ್ಲಿ ಬರುತ್ತವಾ?

ಮಾಚೇನಹಳ್ಳಿ ಡಿಸ್‌ಪ್ಯಾಚ್: ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಪಾಳಿಯವರು ಹೇಳಿದ ಹಾಗೆ ಬರೆದೆ: "ಎರಡನೇ ಲಾಟ್ 600 ಪೀಸು ಈಗ ಮಾಡಬೇಕಾ, ಬೇಡವಾ? ರೇಟಿನ ಮಾತು ಯಾವ ತಿಂಗಳು?" ಅರ್ಧ ಗಂಟೆಯಲ್ಲಿ ಉತ್ತರ ಬಂತು. 'ವಿ ಆರ್ ಗುಡ್' ಅಂದರೆ ಇರುವುದೇ ಸಾಕು ಅಂತ. ಲಾಟ್ ಸದ್ಯ ಬೇಡ, ಅವರಲ್ಲಿ ಸ್ಟಾಕ್ ಇದೆ. ರೇಟು ಜನವರಿಯಲ್ಲಿ. ಕೇಳಿದ್ದಕ್ಕೆ ಬೇಜಾರೇನೂ ಮಾಡಿಕೊಂಡ ಹಾಗಿಲ್ಲ. ಆದರೆ ಮಾಲೀಕರು ಅಷ್ಟರಲ್ಲಿ ಎರಕಕ್ಕೆ ಬೇಕಾದ ಸ್ಕ್ರ್ಯಾಪ್‌ಗೆ ಆರ್ಡರ್ ಕೊಟ್ಟು ಅಡ್ವಾನ್ಸ್ ಕಟ್ಟಿಬಿಟ್ಟಿದ್ದಾರೆ. ಅದು ವಾಪಸ್ ಬರುತ್ತಾ?

ಸಾಗರದ ಕಾಳುಮೆಣಸು: ಎಷ್ಟು ಕಟ್ಟಿದ್ದಾರೆ? ಸರಿಯಾಗಿ ಹೇಳಿ.